ಕಮಾಂಡಿನ ಬೆನ್ನಿಗೆ ಬರುವ ಮಾತು: ಡೆಟ್ರಾಯಿಟ್–ಶಿಕಾಗೊ ಸೀಮೆಯ ಒಂದು ಗಣಕ ಚರಿತ್ರೆ

ಗಣಕಯಂತ್ರಕ್ಕೆ ಕೊಡುವ ಕಮಾಂಡಿನಲ್ಲಿ, ಅಂದರೆ ಆದೇಶದಲ್ಲಿ, ಎರಡು ಭಾಗಗಳಿರುತ್ತವೆ. ಯಾವ ಪ್ರೋಗ್ರಾಂ ಓಡಬೇಕೆಂದು ತಿಳಿಸುವ ಹೆಸರು ಮೊದಲನೆಯದು. ಅದು ಯಾವ ಕಡತದ ಮೇಲೆ, ಯಾವ ಬಗೆಯಲ್ಲಿ, ಯಾವ ಮಿತಿಯೊಳಗೆ ಓಡಬೇಕೆಂದು ತಿಳಿಸುವ ವಿವರಗಳು ಎರಡನೆಯದು. ಈ ವಿವರಗಳಿಗೆ ಆರ್ಗ್ಯುಮೆಂಟುಗಳೆಂದು ಹೆಸರು. ಮನುಷ್ಯನು ಕೀಲಿಮಣೆಯ ಮುಂದೆ ಕುಳಿತು ಒಂದೊಂದಾಗಿ ಬೆರಳಚ್ಚಿಸುವ ಬದಲು, ಇಂಥ ಕಮಾಂಡುಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟು ಯಂತ್ರವೇ ಓದಿ ನಡೆಸುವಂತೆ ಮಾಡಿದರೆ ಆ ಕಡತ ಸ್ಕ್ರಿಪ್ಟ್ ಆಗುತ್ತದೆ. ಈ ಪದ್ಧತಿಯ ಚರಿತ್ರೆಯನ್ನು ನ್ಯೂ ಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್‌ನಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕೂ ಹದಿಮೂರು ಹದಿನಾಲ್ಕು ವರ್ಷ ಮೊದಲೇ ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಗಳ ನೆರೆಯಲ್ಲಿ ಅದರ ತಳಪಾಯ ಬಿದ್ದಿತ್ತು, ಮತ್ತು ಅದರ ಇತ್ತೀಚಿನ ಅಧ್ಯಾಯಗಳು ಶಿಕಾಗೊದ ಸುತ್ತಮುತ್ತ ಬರೆಯಲ್ಪಟ್ಟಿವೆ. ಆರ್ಗ್ಯುಮೆಂಟುಗಳ ಸಾಲನ್ನು ತುಂಡು ಮಾಡುವ ಹೊಣೆ ಯಾರದು ಎಂಬ, ಕೇಳಲು ಸಣ್ಣದಾದ ಪ್ರಶ್ನೆಯೊಂದು ಈ ಎರಡು ನಗರಗಳ ಚರಿತ್ರೆಯ ಉದ್ದಕ್ಕೂ ಹರಿದುಬಂದಿದೆ. ಅದಕ್ಕೆ ಸಿಕ್ಕ ಉತ್ತರಗಳು ಯಂತ್ರಗಳ ಬಳಕೆಯನ್ನೂ ಅವುಗಳ ಸುರಕ್ಷತೆಯನ್ನೂ ನಿರ್ಧರಿಸಿವೆ.

ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾ ವಿಭಾಗಕ್ಕೆ ಐಬಿಎಂ 701 ಯಂತ್ರ ಬಂದದ್ದು 1954ರಲ್ಲಿ. ಆ ಕಾಲದಲ್ಲಿ ಯಂತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಎಂಬುದೇ ಇರಲಿಲ್ಲ; ಲೆಕ್ಕ ಮಾಡಿಸಬೇಕಾದ ಎಂಜಿನಿಯರು ಮೊದಲೇ ಸಮಯ ಗೊತ್ತುಮಾಡಿಕೊಂಡು ಬಂದು, ರಂಧ್ರ ಹಾಕಿದ ಕಾರ್ಡುಗಳನ್ನೂ ಟೇಪುಗಳನ್ನೂ ತಾನೇ ಜೋಡಿಸಿ, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಹೋಗಬೇಕಾಗಿತ್ತು. ಅಲ್ಲಿ ದುಡಿದ ಜಾರ್ಜ್ ರೈಕ್‌ಮನ್ ಮುಂದೆ ಬರೆದಿಟ್ಟ ಪ್ರಕಾರ, ಪ್ರತಿಯೊಬ್ಬರಿಗೆ ಸಿಗುತ್ತಿದ್ದ ಕನಿಷ್ಠ 15 ನಿಮಿಷಗಳ ಅವಧಿಯಲ್ಲಿ ಸುಮಾರು 10 ನಿಮಿಷಗಳು ಜೋಡಣೆಯಲ್ಲಿಯೇ ಕಳೆದು, ನಿಜವಾದ ಲೆಕ್ಕಕ್ಕೆ 5 ನಿಮಿಷವೂ ಉಳಿಯುತ್ತಿರಲಿಲ್ಲ. ತಿಂಗಳಿಗೆ ಸಾವಿರಾರು ಡಾಲರ್ ಬಾಡಿಗೆಯ ಯಂತ್ರ ಹೀಗೆ ಮೂರರಲ್ಲಿ ಎರಡು ಪಾಲು ಹೊತ್ತು ಸುಮ್ಮನೆ ನಿಲ್ಲುವುದನ್ನು, ಜೋಡಣಾ ಸಾಲಿನ ಒಂದು ನಿಮಿಷದ ಬೆಲೆಯನ್ನೂ ಲೆಕ್ಕವಿಟ್ಟ ಮೋಟಾರು ಉದ್ಯಮ ಸಹಿಸುವಂತಿರಲಿಲ್ಲ.

ಈ ನಷ್ಟಕ್ಕೆ ಪರಿಹಾರವಾಗಿ ಜನರಲ್ ಮೋಟಾರ್ಸ್‌ನ ರಾಬರ್ಟ್ ಪ್ಯಾಟ್ರಿಕ್ ಮತ್ತು ಕ್ಯಾಲಿಫೋರ್ನಿಯಾದ ನಾರ್ತ್ ಅಮೆರಿಕನ್ ಏವಿಯೇಷನ್ ವಿಮಾನ ಸಂಸ್ಥೆಯ ಓವನ್ ಮಾಕ್ ಅವರು ಐಬಿಎಂ 704 ಯಂತ್ರಕ್ಕಾಗಿ ಕೂಡಿ ರೂಪಿಸಿದ ವ್ಯವಸ್ಥೆ 1956ರಲ್ಲಿ ಬಳಕೆಗೆ ಬಂತು. ಎರಡೂ ಸಂಸ್ಥೆಗಳ ಹೆಸರನ್ನು ಹೊತ್ತ ಈ ಜಿಎಂ-ಎನ್‌ಎಎ ಐ/ಓ ವ್ಯವಸ್ಥೆಯನ್ನು ನಿತ್ಯದ ಕೆಲಸಕ್ಕೆ ಬಂದ ಮೊದಲ ಕಾರ್ಯಾಚರಣಾ ವ್ಯವಸ್ಥೆಯೆಂದು ಗಣಕ ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಡೆಟ್ರಾಯಿಟ್‌ನ ಉತ್ತರಕ್ಕಿರುವ ವಾರೆನ್‌ನಲ್ಲಿ, ವಾಸ್ತುಶಿಲ್ಪಿ ಈರೊ ಸಾರಿನೆನ್ ವಿನ್ಯಾಸ ಮಾಡಿದ ಜನರಲ್ ಮೋಟಾರ್ಸ್‌ನ ತಾಂತ್ರಿಕ ಕೇಂದ್ರ ಉದ್ಘಾಟನೆಗೊಂಡದ್ದೂ ಅದೇ ವರ್ಷ. ಹಲವರ ಕೆಲಸಗಳನ್ನು ಒಂದೇ ಟೇಪಿನಲ್ಲಿ ಸಾಲಾಗಿ ಜೋಡಿಸಿ, ಒಂದು ಮುಗಿದ ಕೂಡಲೇ ಮನುಷ್ಯನ ಕೈ ಸೋಕದೆ ಮುಂದಿನದು ಆರಂಭವಾಗುವಂತೆ ಮಾಡಿದ್ದು ಜಿಎಂ-ಎನ್‌ಎಎ ವ್ಯವಸ್ಥೆಯ ಹೆಚ್ಚುಗಾರಿಕೆ. ಮನುಷ್ಯ ಪಕ್ಕದಲ್ಲಿ ನಿಲ್ಲದ ಮೇಲೆ ಅವನ ಬಾಯಿಮಾತಿನ ಸೂಚನೆಗಳೆಲ್ಲ ಕಾರ್ಡಿನ ಮೇಲೆ ಬರಹವಾಗಲೇಬೇಕಾಯಿತು. ಈ ಅಗತ್ಯದಿಂದ ಹುಟ್ಟಿದ ನಿಯಂತ್ರಣ ಕಾರ್ಡನ್ನು, ಸ್ವತಃ ಲೆಕ್ಕವನ್ನಲ್ಲದೆ ಲೆಕ್ಕವನ್ನು ಹೇಗೆ ನಡೆಸಬೇಕೆಂಬುದನ್ನು ಹೇಳುವ ಈ ಕಾರ್ಡನ್ನು, ಇಂದಿನ ಸ್ಕ್ರಿಪ್ಟಿನ ಸಾಲುಗಳ ಮೂಲರೂಪವೆಂದು ಎಣಿಸುವುದು ನ್ಯಾಯವಾಗಿದೆ.

ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್ ದೂರದ ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯ ಈ ಅನುಭವವನ್ನು ಬೇಗನೆ ತನ್ನದಾಗಿಸಿಕೊಂಡಿತು. 1950ರ ದಶಕದ ಕೊನೆಯಲ್ಲಿ ಅಲ್ಲಿನ ಬರ್ನಾರ್ಡ್ ಗ್ಯಾಲರ್, ಬ್ರೂಸ್ ಆರ್ಡನ್ ಮತ್ತು ರಾಬರ್ಟ್ ಗ್ರಹಾಂ ಅವರು ಮ್ಯಾಡ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸಿದ್ಧಪಡಿಸಿದರು. ಅದನ್ನು ನಡೆಸಲು ವಿಶ್ವವಿದ್ಯಾಲಯವೇ ತನ್ನದೊಂದು ಕಾರ್ಯಾಚರಣಾ ವ್ಯವಸ್ಥೆಯನ್ನೂ ಕಟ್ಟಿಕೊಂಡಿತು. ಅಲ್ಲಿನ ವಿದ್ಯಾರ್ಥಿ ತನ್ನ ಕಾರ್ಡುಗಳ ಕಟ್ಟಿನ ಮೇಲ್ಭಾಗದಲ್ಲಿ ಇಡುತ್ತಿದ್ದ ಕಾರ್ಡಿನ ಸಾಲು ಹೀಗಿರುತ್ತಿತ್ತು: ಮೊದಲ ಕಾಲಮ್ಮಿನಲ್ಲಿ ಡಾಲರ್ ಚಿಹ್ನೆ, ಅದರ ನಂತರ ಕಂಪೈಲ್ ಎಂಬ ಕಮಾಂಡು, ಬಳಿಕ ಮ್ಯಾಡ್ ಎಂಬ ಭಾಷೆಯ ಹೆಸರು, ಆಮೇಲೆ ಅಲ್ಪವಿರಾಮಗಳ ನಡುವೆ ಎಕ್ಸಿಕ್ಯೂಟ್, ಡಂಪ್ ಎಂಬ ಪದಗಳು. ಈ ಪ್ರೋಗ್ರಾಮನ್ನು ಮ್ಯಾಡ್ ಭಾಷೆಯಿಂದ ಯಂತ್ರಭಾಷೆಗೆ ತಿರುಗಿಸು, ತಿರುಗಿಸಿದ್ದನ್ನು ಓಡಿಸು, ನಡುವೆ ಕೆಟ್ಟರೆ ಸ್ಮೃತಿಯಲ್ಲಿರುವುದನ್ನೆಲ್ಲ ಅಚ್ಚು ಹಾಕಿಕೊಡು ಎಂಬ ಮೂರು ಮಾತುಗಳು ಆ ಒಂದೇ ಸಾಲಿನಲ್ಲಿ ಅಡಗಿದ್ದವು. ಅಷ್ಟು ಹಳೆಯ ಸಾಲಿನಲ್ಲಿಯೂ ಹೆಸರು ಬೇರೆ, ಆರ್ಗ್ಯುಮೆಂಟುಗಳು ಬೇರೆ ಎಂಬ ವಿಭಜನೆ ಸ್ಪಷ್ಟವಾಗಿ ಕಾಣುತ್ತದೆ. ಡಾಲರ್ ಚಿಹ್ನೆಯಾದರೋ ಇದು ದತ್ತಾಂಶವಲ್ಲ, ಆದೇಶ ಎಂದು ಯಂತ್ರವನ್ನು ಎಚ್ಚರಿಸುವ ಗುರುತಾಗಿತ್ತು.

ಮ್ಯಾಡ್ ಭಾಷೆ ಮಿಷಿಗನ್‌ನಿಂದ ಮ್ಯಾಸಚೂಸೆಟ್ಸ್‌ನ ಎಂಐಟಿಗೆ ಹೋಯಿತು. ಹಲವರು ಏಕಕಾಲದಲ್ಲಿ ಬಳಸಬಹುದಾಗಿದ್ದ ಅಲ್ಲಿನ ಸಿಟಿಎಸ್‌ಎಸ್ ವ್ಯವಸ್ಥೆಯ ಎಷ್ಟೋ ಕಮಾಂಡುಗಳು ಇದೇ ಭಾಷೆಯಲ್ಲಿ ಬರೆಯಲ್ಪಟ್ಟವು. ಫ್ರಾನ್ಸಿನಿಂದ ಬಂದು ಅಲ್ಲಿ ಕೆಲಸ ಮಾಡುತ್ತಿದ್ದ ಲೂಯಿ ಪೂಜ್ಯಾಂ 1960ರ ದಶಕದ ಮೊದಲ ಭಾಗದಲ್ಲಿ ರನ್‌ಕಾಮ್ ಎಂಬ ಸಲಕರಣೆಯನ್ನು ರಚಿಸಿದರು. ಕಡತವೊಂದರಲ್ಲಿ ಸಾಲಾಗಿ ಬರೆದಿಟ್ಟ ಕಮಾಂಡುಗಳನ್ನು ಅದು ಒಂದರ ನಂತರ ಒಂದಾಗಿ ನಡೆಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕಡತದಲ್ಲಿ ಖಾಲಿ ಬಿಟ್ಟ ಹೆಸರುಗಳ ಜಾಗದಲ್ಲಿ, ನಡೆಸುವ ಹೊತ್ತಿಗೆ ಕೊಟ್ಟ ಆರ್ಗ್ಯುಮೆಂಟುಗಳನ್ನು ತುಂಬುತ್ತಿತ್ತು. ಜನರು ಸಂಜೆ ರನ್‌ಕಾಮ್ ಹಚ್ಚಿಟ್ಟು ಮನೆಗೆ ಹೋಗುವಂತಾದದ್ದು ಅದರ ಜನಪ್ರಿಯತೆಗೆ ಕಾರಣವಾಯಿತೆಂದು ಪೂಜ್ಯಾಂ ಅವರೇ ನೆನೆದಿದ್ದಾರೆ. ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ ಶೆಲ್ ಎಂಬ ಹೆಸರಿಟ್ಟವರೂ ಅವರೇ. ಇಂದಿಗೂ ಯೂನಿಕ್ಸ್ ಮಾದರಿಯ ಯಂತ್ರಗಳಲ್ಲಿ ಆರ್‌ಸಿ ಎಂದು ಕೊನೆಗೊಳ್ಳುವ ಕಡತಗಳ ಹೆಸರಿನಲ್ಲಿ ರನ್‌ಕಾಮ್‌ನ ನೆನಪು ಉಳಿದಿದೆ. ಮಿಷಿಗನ್‌ನ ಗ್ರಹಾಂ ಕೂಡ ಎಂಐಟಿ ಸೇರಿ, ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಮುಗಳನ್ನು ಪರಸ್ಪರರಿಂದ ಕಾಪಾಡುವ ವಲಯಗಳ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದರು.

ಆನ್ ಆರ್ಬರ್‌ನ ಅತಿ ದೊಡ್ಡ ಸಾಧನೆಯೆಂದರೆ ಮಿಷಿಗನ್ ಟರ್ಮಿನಲ್ ಸಿಸ್ಟಂ, ಸಂಕ್ಷೇಪವಾಗಿ ಎಂಟಿಎಸ್. ಸ್ಮೃತಿಯನ್ನು ಹಲವು ಬಳಕೆದಾರರ ನಡುವೆ ಹೇಗೆ ಹಂಚಬೇಕೆಂಬುದನ್ನು ಕುರಿತು ಆರ್ಡನ್, ಗ್ಯಾಲರ್, ಓಬ್ರೈನ್ ಮತ್ತು ವೆಸ್ಟರ್‌ವೆಲ್ಟ್ ಅವರು 1966ರಲ್ಲಿ ಪ್ರಕಟಿಸಿದ ಲೇಖನದ ಚಿಂತನೆ ಐಬಿಎಂ 360/67 ಯಂತ್ರದ ರಚನೆಯ ಹಿಂದಿತ್ತು. ಆದರೆ ಆ ಯಂತ್ರಕ್ಕಾಗಿ ಐಬಿಎಂ ಸಿದ್ಧಪಡಿಸುತ್ತಿದ್ದ ಸ್ವಂತ ವ್ಯವಸ್ಥೆ ತಡವಾದದ್ದರಿಂದ ವಿಶ್ವವಿದ್ಯಾಲಯವೇ ತನ್ನ ವ್ಯವಸ್ಥೆಯನ್ನು ಕಟ್ಟಿ 1967ರಲ್ಲಿ ಬಳಕೆಗೆ ತಂದಿತು. ಮುಂದೆ ಅದು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾ ವಿಶ್ವವಿದ್ಯಾಲಯಗಳು, ಇಂಗ್ಲೆಂಡಿನ ನ್ಯೂಕ್ಯಾಸಲ್ ಮತ್ತು ಡರ್ಹಮ್ ಮುಂತಾದೆಡೆಗಳಿಗೂ ಹರಡಿತು.

ಎಂಟಿಎಸ್‌ನ ಕಮಾಂಡು ಭಾಷೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ, ಏಕೆಂದರೆ ಆರ್ಗ್ಯುಮೆಂಟುಗಳ ಪ್ರಶ್ನೆಗೆ ಅದು ಕೊಟ್ಟ ಉತ್ತರ ಯೂನಿಕ್ಸ್‌ನದಕ್ಕಿಂತ ತೀರ ಭಿನ್ನವಾಗಿದೆ. ಫೋರ್ಟ್ರಾನ್ ಕಂಪೈಲರನ್ನು ಓಡಿಸಬೇಕಾದರೆ ಬಳಕೆದಾರ $ರನ್ ಎಂದು ಬರೆದು, *ಫೋರ್ಟ್ರಾನ್ ಎಂದು ಪ್ರೋಗ್ರಾಮಿನ ಹೆಸರು ಹೇಳುತ್ತಿದ್ದ. ಹೆಸರಿನ ಹಿಂದಿನ ನಕ್ಷತ್ರ ಚಿಹ್ನೆ ಅದು ಎಲ್ಲರಿಗೂ ತೆರೆದಿಟ್ಟ ಸಾರ್ವಜನಿಕ ಕಡತವೆಂಬುದರ ಗುರುತು. ಅನಂತರ ಎಸ್‌ಕಾರ್ಡ್ಸ್= ಎಂದು ಬರೆದು ಓದಬೇಕಾದ ಕಡತವನ್ನೂ, ಎಸ್‌ಪ್ರಿಂಟ್= ಎಂದು ಬರೆದು ಫಲಿತಾಂಶ ಅಚ್ಚಾಗಬೇಕಾದ ಜಾಗವನ್ನೂ, ಎಸ್‌ಪಂಚ್= ಎಂದು ಬರೆದು ತಯಾರಾದ ಯಂತ್ರಭಾಷೆಯ ಪ್ರತಿ ಹೋಗಬೇಕಾದ ಕಡತವನ್ನೂ ಸೂಚಿಸುತ್ತಿದ್ದ. ಕಾರ್ಡು ಓದುವ ಮತ್ತು ರಂಧ್ರ ಹಾಕುವ ಯಂತ್ರಗಳು ಮೂಲೆ ಸೇರಿದ ಮೇಲೂ ಈ ಹೆಸರುಗಳು ದಶಕಗಳ ಕಾಲ ಬಳಕೆಯಲ್ಲಿ ಉಳಿದವು. ಎರಡು ಕಡತಗಳ ನಡುವೆ ಕೂಡಿಸುವ ಚಿಹ್ನೆಯನ್ನಿಟ್ಟರೆ ಅವು ಒಂದೇ ಕಡತವೆಂಬಂತೆ ಓದಿಸಿಕೊಳ್ಳುತ್ತಿದ್ದವು. ಕಡತದ ಹೆಸರಿನ ಮುಂದೆ ಆವರಣದೊಳಗೆ ಸಾಲುಗಳ ಸಂಖ್ಯೆ ಕೊಟ್ಟರೆ ಅಷ್ಟು ಸಾಲುಗಳು ಮಾತ್ರ ಪ್ರೋಗ್ರಾಮಿಗೆ ಕಾಣುತ್ತಿದ್ದವು. ಕಡತಗಳಿಗೆ ಸಂಬಂಧಿಸಿದ ಈ ಎಲ್ಲ ಆರ್ಗ್ಯುಮೆಂಟುಗಳನ್ನು ಅರ್ಥ ಮಾಡಿಕೊಳ್ಳುವ ಹೊಣೆ ವ್ಯವಸ್ಥೆಯದು. ಪ್ರೋಗ್ರಾಂ ಬರೆದವನು ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಉಳಿದ ವಿವರಗಳಿಗೆಲ್ಲ ಪಾರ್= ಎಂಬ ಒಂದೇ ಬಾಗಿಲಿತ್ತು. ಸಾಲಿನಲ್ಲಿ ಅದು ಕೊನೆಯದಾಗಿಯೇ ಬರಬೇಕಾಗಿತ್ತು, ಏಕೆಂದರೆ ಅದರ ಮುಂದಿನ ಅಕ್ಷರಗಳನ್ನು, ಖಾಲಿ ಜಾಗ ಮತ್ತು ಅಲ್ಪವಿರಾಮಗಳ ಸಮೇತ, ಲಕೋಟೆಯನ್ನು ಒಡೆಯದೆ ವಿಳಾಸದಾರನಿಗೆ ಮುಟ್ಟಿಸುವ ಅಂಚೆಯವನಂತೆ ವ್ಯವಸ್ಥೆ ಇಡಿಯಾಗಿ ಪ್ರೋಗ್ರಾಮಿಗೆ ಒಪ್ಪಿಸುತ್ತಿತ್ತು. ಅಕ್ಷರಗಳು ಎಷ್ಟೆಂಬ ಸಂಖ್ಯೆ ಮೊದಲು, ಅಕ್ಷರಗಳು ಆಮೇಲೆ. ಪ್ರೋಗ್ರಾಮಿಗೆ ಸಿಗುತ್ತಿದ್ದುದು ಇಷ್ಟೇ. ಅದನ್ನು ತುಂಡು ಮಾಡಿ ಅರ್ಥ ಹಚ್ಚುವ ಕೆಲಸ ಪ್ರೋಗ್ರಾಮಿನದೇ. ಈ ಕ್ರಮದಲ್ಲಿ ಒಂದು ಗುಣವೂ ಒಂದು ದೋಷವೂ ಒಟ್ಟಿಗೇ ಇದ್ದವು: ಬರೆದದ್ದು ಬರೆದ ಹಾಗೆಯೇ ತಲುಪುತ್ತಿದ್ದುದರಿಂದ ನಡುವೆ ಯಾರೂ ಅದನ್ನು ತಿದ್ದುವ, ಮುರಿಯುವ ಭಯವಿರಲಿಲ್ಲ, ಆದರೆ ಪ್ರತಿಯೊಂದು ಪ್ರೋಗ್ರಾಮೂ ತನ್ನದೇ ಸಣ್ಣ ವ್ಯಾಕರಣವನ್ನು ಕಟ್ಟಿಕೊಳ್ಳುತ್ತಿದ್ದುದರಿಂದ ಬಳಕೆದಾರ ಒಂದೊಂದಕ್ಕೂ ಕೈಪಿಡಿಯ ಪುಟ ತಿರುವಬೇಕಾಗುತ್ತಿತ್ತು.

ಎಂಟಿಎಸ್‌ನಲ್ಲಿ ಸ್ಕ್ರಿಪ್ಟ್ ಬರೆಯಲು ಹೊಸ ಭಾಷೆಯನ್ನು ಕಲಿಯಬೇಕಾಗಿರಲಿಲ್ಲ ಎಂಬುದು ಅದರ ಇನ್ನೊಂದು ಹಿರಿಮೆ. ಟರ್ಮಿನಲ್ಲಿನಲ್ಲಿ ಕುಳಿತವನು ಬೆರಳಚ್ಚಿಸುವ ಕಮಾಂಡುಗಳೇ ಕಾರ್ಡುಗಳ ಕಟ್ಟಿನಲ್ಲಿಯೂ ನಡೆಯುತ್ತಿದ್ದವು. $ಸೋರ್ಸ್ ಎಂಬ ಕಮಾಂಡಿಗೆ ಕಡತದ ಹೆಸರನ್ನು ಕೊಟ್ಟರೆ ವ್ಯವಸ್ಥೆ ಅಲ್ಲಿಂದ ಮುಂದೆ ಕೀಲಿಮಣೆಯ ಬದಲು ಆ ಕಡತದಿಂದ ಕಮಾಂಡುಗಳನ್ನು ಓದತೊಡಗುತ್ತಿತ್ತು. ಓಡುತ್ತಿರುವ ಪ್ರೋಗ್ರಾಮೇ ವ್ಯವಸ್ಥೆಗೆ ಕಮಾಂಡು ಕೊಡಬೇಕಾದರೆ ಅದಕ್ಕೂ ಸಿಎಂಡಿ ಎಂಬ ಉಪಕ್ರಮವೊಂದಿತ್ತು. ಕಮಾಂಡಿನ ಸಾಲನ್ನು ಪಠ್ಯವಾಗಿ ಅದರ ಕೈಗಿತ್ತರೆ ಸಾಕಾಗಿತ್ತು. ಇಂದಿನ ಪೈಥಾನ್ ಮುಂತಾದ ಭಾಷೆಗಳಲ್ಲಿ ಪ್ರತಿದಿನ ನಡೆಯುವ ಈ ವ್ಯವಹಾರ ಡೆಟ್ರಾಯಿಟ್‌ನ ವಿದ್ಯಾರ್ಥಿಗಳಿಗೆ ಅರ್ಧ ಶತಮಾನದ ಹಿಂದೆಯೇ ಪರಿಚಿತವಾಗಿತ್ತು. ಮೆರಿಟ್ ಎಂಬ ಜಾಲದ ಮೂಲಕ ಆನ್ ಆರ್ಬರ್ ಮತ್ತು ವೇಯ್ನ್ ಸ್ಟೇಟ್‌ನ ಯಂತ್ರಗಳು 1971ರ ಡಿಸೆಂಬರಿನಲ್ಲಿ ಒಂದಕ್ಕೊಂದು ಬೆಸೆದುಕೊಂಡವು. ಮರುವರ್ಷ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವೂ ಸೇರಿಕೊಂಡಿತು. ಹೀಗೆ ಒಂದು ಊರಿನಲ್ಲಿ ಬರೆದ ಕಮಾಂಡು ಇನ್ನೊಂದು ಊರಿನ ಯಂತ್ರದಲ್ಲಿ ನಡೆಯುವುದು ಸಾಧ್ಯವಾಯಿತು.

ಇದೇ ವರ್ಷಗಳಲ್ಲಿ ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಬೇರೆ ದಾರಿಯನ್ನು ಹಿಡಿದಿತ್ತು. ಅಲ್ಲಿ ಸಾಲನ್ನು ತುಂಡು ಮಾಡುವವನು ಶೆಲ್; ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ, ಬಿಡಿಬಿಡಿ ತುಂಡುಗಳ ಪಟ್ಟಿಯನ್ನು ಅದು ಪ್ರೋಗ್ರಾಮಿಗೆ ದಾಟಿಸುತ್ತದೆ. ಪಟ್ಟಿಯಾಗಿ ಬರುವುದರಿಂದ ಪ್ರೋಗ್ರಾಂ ಬರೆಯುವವನಿಗೆ ಸುಖ. ಆದರೆ ಕತ್ತರಿಸುವಾಗ ತಪ್ಪಿದರೆ ಅನಾಹುತ. ಮಳೆ ಲೆಕ್ಕ ಎಂಬ ಹೆಸರಿನ ಕಡತವೊಂದಿದೆಯೆಂದೂ, ಅದನ್ನು ಅಳಿಸುವ ಕಮಾಂಡು ಸ್ಕ್ರಿಪ್ಟಿನೊಳಗೆ ಉದ್ಧರಣ ಚಿಹ್ನೆಗಳಿಲ್ಲದೆ ಬರೆದಿದೆಯೆಂದೂ ಇಟ್ಟುಕೊಂಡರೆ, ಶೆಲ್ ಅದನ್ನು ಮಳೆ ಎಂಬ ಒಂದು ಕಡತ, ಲೆಕ್ಕ ಎಂಬ ಇನ್ನೊಂದು ಕಡತ ಎಂದು ಎರಡಾಗಿ ಒಡೆಯುತ್ತದೆ; ಅಳಿಸಬೇಕಾದದ್ದು ಉಳಿದು, ದುರದೃಷ್ಟಕ್ಕೆ ಆ ಹೆಸರಿನ ಬೇರೆ ಕಡತಗಳಿದ್ದರೆ ಅವು ಅಳಿಯುತ್ತವೆ. 1979ರ ಏಳನೆಯ ಆವೃತ್ತಿಯೊಂದಿಗೆ ಬಂದ ಬೌರ್ನ್ ಶೆಲ್‌ನಲ್ಲಿ ಆರ್ಗ್ಯುಮೆಂಟುಗಳನ್ನೆಲ್ಲ ಒಂದೇ ಸಾಲಾಗಿ ಬೆಸೆಯುವ ಚಿಹ್ನೆಯೂ, ಬಂದ ಹಾಗೆಯೇ ಬಿಡಿಬಿಡಿಯಾಗಿ ದಾಟಿಸುವ ಚಿಹ್ನೆಯೂ ಬೇರೆಬೇರೆಯಾಗಿರುವುದಕ್ಕೆ ಈ ಅಪಾಯವೇ ಕಾರಣ. ಈ ಅಪಾಯವನ್ನು ದೂರವಿಡುವ ಇನ್ನೊಂದು ದಾರಿ ದೂರವಾಣಿ ಯಂತ್ರಗಳಲ್ಲಿ ಕಾಣುತ್ತದೆ. ಶಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಇಂಡಿಯನ್ ಹಿಲ್ ಶಾಖೆಯವರು ರೂಪಿಸಿದ 5ಇಎಸ್‌ಎಸ್ ದೂರವಾಣಿ ವಿನಿಮಯ ಯಂತ್ರ 1982ರಲ್ಲಿ ಇಲಿನಾಯ್‌ನ ಸೆನೆಕಾ ಊರಿನಲ್ಲಿ ಮೊದಲ ಬಾರಿ ಸೇವೆಗೆ ಇಳಿಯಿತು. ಇಂಥ ಯಂತ್ರಗಳ ಲೋಕಕ್ಕಾಗಿ ಅಂತರರಾಷ್ಟ್ರೀಯ ಸಮಿತಿ ಗೊತ್ತುಪಡಿಸಿದ ಕಮಾಂಡು ಭಾಷೆಯಲ್ಲಿ ಪ್ರತಿ ಆರ್ಗ್ಯುಮೆಂಟಿಗೂ ಹೆಸರನ್ನು ಕೊಟ್ಟು, ಅಲ್ಪವಿರಾಮದಿಂದ ಬೇರ್ಪಡಿಸಿ, ಅರ್ಧವಿರಾಮದಿಂದ ಸಾಲನ್ನು ಮುಗಿಸುವ ಕಟ್ಟುನಿಟ್ಟು ಇತ್ತು. ಸಾವಿರಾರು ಮನೆಗಳ ದೂರವಾಣಿ ಒಂದು ಸಾಲಿನ ಮೇಲೆ ನಿಂತಿರುವಲ್ಲಿ ಖಾಲಿ ಜಾಗವನ್ನು ನಂಬಿ ಕೂರುವುದು ವಿವೇಕವಾಗುತ್ತಿರಲಿಲ್ಲ.

ಶಿಕಾಗೊದ ದಕ್ಷಿಣಕ್ಕೆ, ಅದೇ ರಾಜ್ಯದ ಅರ್ಬಾನಾ-ಶಾಂಪೇನ್‌ನಲ್ಲಿ ಈ ಪ್ರಶ್ನೆ ಇಡೀ ಜಗತ್ತಿಗೆ ಪಾಠವಾಗುವ ಘಟನೆಯಾಗಿ ಪರಿಣಮಿಸಿತು. ಅಲ್ಲಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರ ಹಂಚುತ್ತಿದ್ದ ವೆಬ್ ಸರ್ವರಿನೊಂದಿಗೆ ಪಿಎಚ್‌ಎಫ್ ಎಂಬ ಸಣ್ಣ ಮಾದರಿ ಪ್ರೋಗ್ರಾಂ ಹೋಗುತ್ತಿತ್ತು. ಸಂದರ್ಶಕ ಕೊಟ್ಟ ಹೆಸರನ್ನು ಆರ್ಗ್ಯುಮೆಂಟಾಗಿ ಸೇರಿಸಿ, ದೂರವಾಣಿ ಪುಸ್ತಕವನ್ನು ಹುಡುಕುವ ಪಿಎಚ್ ಎಂಬ ಕಮಾಂಡನ್ನು ಶೆಲ್ ಮೂಲಕ ಓಡಿಸುವುದು ಅದರ ಕೆಲಸ. ಶೆಲ್‌ಗೆ ವಿಶೇಷಾರ್ಥವಿರುವ ಚಿಹ್ನೆಗಳನ್ನೆಲ್ಲ ನಿಷ್ಕ್ರಿಯಗೊಳಿಸುವ ಎಚ್ಚರಿಕೆಯನ್ನು ಅದನ್ನು ಬರೆದವರು ವಹಿಸಿದ್ದರು, ಆದರೆ ಹೊಸ ಸಾಲನ್ನು ಆರಂಭಿಸುವ ಅಕ್ಷರವೊಂದು ಅವರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಹೆಸರಿನ ನಡುವೆ ಆ ಅಕ್ಷರವನ್ನು ತೂರಿಸಿದರೆ ಅದರ ಮುಂದಿನದೆಲ್ಲ ಆರ್ಗ್ಯುಮೆಂಟಾಗಿ ಉಳಿಯದೆ ಸ್ವತಂತ್ರ ಕಮಾಂಡಾಗಿ ಓಡುತ್ತಿತ್ತು. ಯಂತ್ರದ ಗುಟ್ಟಿನ ಕಡತಗಳನ್ನು ಎಲ್ಲೋ ಕುಳಿತವರು ಓದುವುದು ಇದರಿಂದ ಸಾಧ್ಯವಾಯಿತು. 1996ರ ಮಾರ್ಚಿನಲ್ಲಿ ಗಣಕ ಸುರಕ್ಷತೆಯ ಮೇಲೆ ಕಣ್ಣಿಡುವ ಸರ್ಟ್ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ನಿಷೇಧಿತ ಅಕ್ಷರಗಳ ಪಟ್ಟಿಯನ್ನು ಎಷ್ಟು ಉದ್ದ ಬೆಳೆಸಿದರೂ ಒಂದು ಬಿಟ್ಟುಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಶೆಲ್ಲನ್ನು ನಡುವೆ ತರದೆ ಆರ್ಗ್ಯುಮೆಂಟುಗಳ ಪಟ್ಟಿಯನ್ನು ನೇರವಾಗಿ ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸಿದರೆ ಆ ಭಯವೇ ಇಲ್ಲ. ಪೈಥಾನ್ ಭಾಷೆಗೆ 2004ರಲ್ಲಿ ಸೇರಿದ ಸಬ್‌ಪ್ರೋಸೆಸ್ ಎಂಬ ಘಟಕ ಹೇಳದೆ ಶೆಲ್ಲನ್ನು ಕರೆಯದಂತೆ ರಚನೆಯಾದದ್ದು ಇಂಥ ಅನುಭವಗಳ ಫಲ.

ಶಿಕಾಗೊದ ನೈಋತ್ಯಕ್ಕೆ, ಲೆಮಾಂಟ್ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಸಮಸ್ಯೆಯ ಗಾತ್ರವೇ ಬೇರೆಯಾಗಿತ್ತು. ಒಂದು ಕಮಾಂಡನ್ನು ಒಂದು ಯಂತ್ರದಲ್ಲಿ ಓಡಿಸುವುದಲ್ಲ, ಸಾವಿರಾರು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಬೇಕಾಗಿತ್ತು. ಅಲ್ಲಿನ ವಿಲಿಯಂ ಗ್ರಾಪ್ ಮತ್ತು ಯೂಯಿಂಗ್ ಲಸ್ಕ್ ಅವರು 1994ರಲ್ಲಿಯೇ ಯೂನಿಕ್ಸ್‌ನ ಪರಿಚಿತ ಕಮಾಂಡುಗಳಿಗೆ ಸಮಾಂತರ ರೂಪಗಳನ್ನು ವಿವರಿಸಿದರು. ಇಯನ್ ಫಾಸ್ಟರ್, ಸ್ಟೀವನ್ ಟ್ಯೂಕಿ ಮತ್ತು ಕ್ಯಾಲಿಫೋರ್ನಿಯಾದ ಕಾರ್ಲ್ ಕೆಸೆಲ್‌ಮನ್ ಅವರು ಮುನ್ನಡೆಸಿದ ಗ್ಲೋಬಸ್ ಯೋಜನೆಯಲ್ಲಿ ದೂರದ ಯಂತ್ರಕ್ಕೆ ಕಳಿಸುವ ಕೋರಿಕೆ ಆವರಣಗಳ ಸಾಲಾಗಿತ್ತು: ಓಡಬೇಕಾದ ಪ್ರೋಗ್ರಾಂ ಒಂದು ಆವರಣದಲ್ಲಿ, ಪ್ರತಿಗಳ ಸಂಖ್ಯೆ ಇನ್ನೊಂದರಲ್ಲಿ, ಆರ್ಗ್ಯುಮೆಂಟುಗಳು ಮತ್ತೊಂದರಲ್ಲಿ. ಎಂಟಿಎಸ್‌ನ ಹೆಸರು-ಬೆಲೆ ಜೋಡಿಗಳ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಶಿಕಾಗೊ ವಿಶ್ವವಿದ್ಯಾಲಯ ಮತ್ತು ಆರ್ಗಾನ್‌ನಲ್ಲಿ ಮೈಕೆಲ್ ವೈಲ್ಡ್, ಫಾಸ್ಟರ್ ಮತ್ತು ಸಂಗಡಿಗರು 2007ರ ಹೊತ್ತಿಗೆ ಹೊರತಂದ ಸ್ವಿಫ್ಟ್ ಭಾಷೆ (ಆಪಲ್ ಸಂಸ್ಥೆಯ ಅದೇ ಹೆಸರಿನ ಭಾಷೆಗಿಂತ ಇದು ಹಳೆಯದು) ಈ ಚರಿತ್ರೆಯ ಅತ್ಯಂತ ಸೊಗಸಾದ ಹಂತ. ಅದರಲ್ಲಿ ಆ್ಯಪ್ ಎಂಬ ಪದದಿಂದ ಆರಂಭವಾಗುವ ಕಾರ್ಯವೊಂದನ್ನು ಬರೆದು, ಅದರೊಳಗೆ ಕಮಾಂಡಿನ ಹೆಸರನ್ನೂ ಆರ್ಗ್ಯುಮೆಂಟುಗಳನ್ನೂ ಒಂದೊಂದಾಗಿ ಇಡುತ್ತಾರೆ. ಚಿತ್ರವನ್ನು ತಿರುಗಿಸುವ ಕಮಾಂಡಾದರೆ ಕನ್ವರ್ಟ್ ಎಂಬ ಹೆಸರು, ತಿರುಗಿಸು ಎಂಬ ಸೂಚನೆ, ಎಷ್ಟು ಡಿಗ್ರಿ ಎಂಬ ಸಂಖ್ಯೆ, ಒಳಬರುವ ಕಡತ, ಹೊರಹೋಗುವ ಕಡತ. ಕಡತಗಳು ಇಲ್ಲಿ ಬರಿಯ ಅಕ್ಷರಗಳ ಸಾಲಾಗಿರದೆ ಭಾಷೆಗೆ ಅರ್ಥವಾಗುವ ವಸ್ತುಗಳಾಗಿರುವುದರಿಂದ, ಒಂದು ಕಮಾಂಡು ಬರೆದ ಕಡತವನ್ನು ಇನ್ನೊಂದು ಓದುತ್ತದೆಯೆಂಬುದನ್ನು ಸ್ವಿಫ್ಟ್ ತಾನೇ ಕಂಡುಕೊಂಡು, ಪರಸ್ಪರ ಕಾಯಬೇಕಿಲ್ಲದ ಕಮಾಂಡುಗಳನ್ನೆಲ್ಲ ಏಕಕಾಲಕ್ಕೆ ಹಚ್ಚುತ್ತದೆ. ಆರ್ಗ್ಯುಮೆಂಟುಗಳ ಪಟ್ಟಿಯೇ ಕೆಲಸಗಳ ಕ್ರಮವನ್ನು ನಿರ್ಣಯಿಸುವಂತಾದದ್ದು ಸಾಮಾನ್ಯ ಮುನ್ನಡೆಯಲ್ಲ.

ಇದಕ್ಕೆ ಎದುರಾದ ತೊಡಕು ಯಂತ್ರದ ಕಡೆಯಿಂದ ಬಂತು. ಆರ್ಗಾನ್‌ನಲ್ಲಿ ಸ್ಥಾಪನೆಯಾದ ಇಂಟ್ರೆಪಿಡ್ ಎಂಬ ಬ್ಲೂ ಜೀನ್/ಪಿ ಯಂತ್ರ 1,63,840 ಸಂಸ್ಕಾರಕ ಕೇಂದ್ರಗಳೊಂದಿಗೆ 2008ರ ಜೂನ್ ತಿಂಗಳ ಸೂಪರ್‌ಕಂಪ್ಯೂಟರುಗಳ ಜಾಗತಿಕ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಆದರೆ ಅದರ ಲೆಕ್ಕ ಮಾಡುವ ಘಟಕಗಳಲ್ಲಿದ್ದ ಪುಟ್ಟ ಕಾರ್ಯಾಚರಣಾ ವ್ಯವಸ್ಥೆಗೆ, ಓಡುತ್ತಿರುವ ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸಿ ಓಡಿಸುವ ಶಕ್ತಿಯನ್ನೇ ಕೊಟ್ಟಿರಲಿಲ್ಲ. ಜಗತ್ತಿನ ಅತಿ ದೊಡ್ಡ ಯಂತ್ರಗಳಲ್ಲೊಂದರಲ್ಲಿ ಹೀಗೆ ಸ್ಕ್ರಿಪ್ಟಿನಿಂದ ಒಂದು ಕಮಾಂಡನ್ನು ಕರೆಯುವುದು ಅಸಾಧ್ಯವಾಗಿತ್ತು. ಆರ್ಗಾನ್‌ನವರೇ ರೂಪಿಸಿದ ಜೆಪ್ಟೊಓಎಸ್ ಆ ಘಟಕಗಳಿಗೆ ಲಿನಕ್ಸನ್ನು ತಂದಿತು. ಆಗ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಯೋವಾನ್ ರೈಕು ಕಟ್ಟಿದ ಫಾಲ್ಕನ್ ಎಂಬ ಹಂಚಿಕೆದಾರ ಕಮಾಂಡುಗಳನ್ನು ಘಟಕಗಳಿಗೆ ಬೇಗ ಬೇಗ ಹಂಚಿತು. ಆಗ ಹೊಸ ಇಕ್ಕಟ್ಟು ಕಾಣಿಸಿಕೊಂಡಿತು: ಲಕ್ಷಕ್ಕೂ ಮಿಕ್ಕಿದ ಕೇಂದ್ರಗಳು ಒಂದೇ ಕ್ಷಣದಲ್ಲಿ ಒಂದೇ ಕಡತ ಭಂಡಾರದಿಂದ ಪ್ರೋಗ್ರಾಮನ್ನು ಎತ್ತಿಕೊಳ್ಳಲು ಬಂದರೆ ಭಂಡಾರವೇ ಸ್ತಬ್ಧವಾಗುತ್ತಿತ್ತು. ಪ್ರೋಗ್ರಾಮನ್ನೂ ಬದಲಾಗದ ದತ್ತಾಂಶವನ್ನೂ ಪ್ರತಿ ಘಟಕದ ಸ್ಮೃತಿಯಲ್ಲಿ ಮೊದಲೇ ಇಟ್ಟುಕೊಂಡು ಇದನ್ನು ಬಗೆಹರಿಸಿದರು. ಮುಂದೆ ಜಸ್ಟಿನ್ ವೋಜ್ನಿಯಾಕ್ ಮೊದಲಾದವರು ರೂಪಿಸಿದ ಸ್ವಿಫ್ಟ್/ಟಿ ಕಮಾಂಡುಗಳನ್ನು ಹುಟ್ಟಿಸುವ ಗೊಡವೆಯನ್ನೇ ಬದಿಗಿಟ್ಟು, ಪೈಥಾನ್ ಮತ್ತು ಟಿಸಿಎಲ್ ಭಾಷೆಗಳ ವ್ಯಾಖ್ಯಾನಕಗಳನ್ನು ಒಂದೇ ಪ್ರಕ್ರಿಯೆಯೊಳಗೆ ಹುದುಗಿಸಿ ಕರೆಯುವ ದಾರಿಯನ್ನೂ ತೆರೆಯಿತು.

ಸ್ವಿಫ್ಟ್‌ನ ಅನುಭವದ ಮೇಲೆ ಶಿಕಾಗೊದವರೇ ಪೈಥಾನಿನಲ್ಲಿ ಕಟ್ಟಿದ ಪಾರ್ಸಲ್ ಇಂದು ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಬ್ಯಾಷ್ ಆ್ಯಪ್ ಎಂದು ಕರೆಯುವ ರಚನೆಯಲ್ಲಿ ಪೈಥಾನ್ ಕಾರ್ಯವು ಹಿಂದಿರುಗಿಸುವ ಪಠ್ಯದ ಸಾಲೇ ಶೆಲ್ ನಡೆಸುವ ಕಮಾಂಡು. ಆರ್ಗ್ಯುಮೆಂಟುಗಳು ಮತ್ತೆ ಒಂದೇ ಸಾಲಿಗೆ ಬೆಸೆದುಕೊಂಡಿವೆ. ವಿಜ್ಞಾನಿಗಳಿಗೆ ಇದರಿಂದ ಬರೆಯುವುದು ಸುಲಭವಾಗಿದೆಯೆಂಬುದು ನಿಜ, ಆದರೆ ಈ ಒಂದು ಅಂಶದಲ್ಲಿ ಅದು ತನ್ನ ಹಿರಿಯನಿಗಿಂತ ಒಂದು ಹೆಜ್ಜೆ ಹಿಂದೆ ಸರಿದಿದೆಯೆಂದೇ ಹೇಳಬೇಕಾಗುತ್ತದೆ. ಹೊರಗಿನಿಂದ ಬಂದ ಹೆಸರುಗಳನ್ನು ಆ ಸಾಲಿಗೆ ಸೇರಿಸುವವರು ಪಿಎಚ್‌ಎಫ್‌ನ ಪ್ರಕರಣವನ್ನು ಓದಿಕೊಂಡಿರುವುದು ಒಳ್ಳೆಯದು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಟಿಎಸ್‌ನ ಸಾರ್ವಜನಿಕ ಸೇವೆ 1996ರಲ್ಲಿ ನಿಂತಿತು. ಅದರ ಡಿ6.0 ಆವೃತ್ತಿಯನ್ನು ಈಗ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಹಳೆಯ ಐಬಿಎಂ ಯಂತ್ರಗಳನ್ನು ಅನುಕರಿಸುವ ಹರ್ಕ್ಯುಲಿಸ್ ಎಂಬ ಪ್ರೋಗ್ರಾಮಿನ ನೆರವಿನಿಂದ ಅದು ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ. ಆಸಕ್ತಿಯುಳ್ಳ ಓದುಗರು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಅದರಲ್ಲಿ $ರನ್ ಕಮಾಂಡನ್ನು ತಾವೇ ಕೊಟ್ಟು, ಪಾರ್= ಮುಂದೆ ಬರೆದದ್ದು ಪ್ರೋಗ್ರಾಮಿಗೆ ಹೇಗೆ ಮುಟ್ಟುತ್ತದೆಂಬುದನ್ನು ಪರೀಕ್ಷಿಸಿ ನೋಡಬಹುದು.